ಫೋನಣ್ಣನ ಮೂರು ಸಾಲು

ನಮ್ಮ ಆಸ್ಪತ್ರೆಯ ನೆಲಮಹಡಿಯಲ್ಲಿ, ಔಷಧಿ ಕೊಡುವ ಕಿಟಕಿಗೂ ಲಿಫ್ಟಿಗೂ ನಡುವೆ ಒಂದು ಮೇಜು, ಒಂದು ಫೋನು, ಎರಡು ಕುರ್ಚಿ ಇವೆ. ಒಂದು ಕುರ್ಚಿ ಫೋನಣ್ಣನದಾಗಿತ್ತು, ಇನ್ನೊಂದು ನನ್ನದು. ಇಪ್ಪತ್ತೊಂಬತ್ತು ವರ್ಷ ಅಲ್ಲಿ ಕೂತು ಅವನು ಮಾಡಿದ್ದು ಒಂದೇ ಕೆಲಸ, ರೋಗಿಗಳ ಮನೆಯವರಿಗೆ ಫೋನ್ ಮಾಡುವುದು. ಒಳ್ಳೆಯ ಸುದ್ದಿಗೆ ಯಾರೂ ನಮ್ಮ ಕೈಯಲ್ಲಿ ಫೋನ್ ಮಾಡಿಸುವುದಿಲ್ಲ. ವಾಸಿಯಾದವರು ತಾವೇ ಚಪ್ಪಲಿ ಹುಡುಕಿಕೊಂಡು ಮನೆಗೆ ಹೋಗುತ್ತಾರೆ. ಹಾಗಾಗಿ ಈ ಊರಿನಲ್ಲಿ ಅವನ ದನಿ ಕೇಳಿದವರೆಲ್ಲ ತಮ್ಮ ಕೆಟ್ಟ ದಿನದಲ್ಲೇ ಕೇಳಿದ್ದು.

ನಾನು ರೆಕಾರ್ಡ್ ರೂಮಿನಲ್ಲಿ ಹದಿನೈದು ವರ್ಷ ಧೂಳು ಕುಡಿದು, ಕೆಮ್ಮು ಹಿಡಿದ ಮೇಲೆ ಆ ಮೇಜಿಗೆ ಬಂದವಳು. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಫೋನಣ್ಣನಿಗೆ ಮೂಗು ಇದ್ದರೂ ಕೋಪ ಇರಲಿಲ್ಲ. ನನಗಿಂತ ಹನ್ನೆರಡು ವರ್ಷ ದೊಡ್ಡವನಾದರೂ ಏಕವಚನದಲ್ಲೇ ಮಾತಾಡಿಸುತ್ತಿದ್ದೆ, ಒಡಹುಟ್ಟಿದವನ ಹಾಗೆ. ಅವನ ಹೆಂಡತಿ ನನಗೆ ಅತ್ತಿಗೆ. ಅವನಿಗೆ ಯಾರಿಂದ ಈ ಹೆಸರು ಬಂತೋ ಗೊತ್ತಿಲ್ಲ, ಸಂಬಳದ ಚೀಟಿಯ ಮೇಲೆ ಮಾತ್ರ ಬೇರೆ ಹೆಸರಿತ್ತು.

ಮೊದಲ ದಿನ ಅವನು ನನಗೆ ಕಲಿಸಿದ್ದು ಒಂದು ಇಂಗ್ಲಿಷ್ ಪದ. ವಾರ್ಡಿನಿಂದ ನಮಗೆ ಗುಲಾಬಿ ಬಣ್ಣದ ಚೀಟಿ ಬರುತ್ತದೆ. ಅದರಲ್ಲಿ ಹಾಸಿಗೆ ನಂಬರು, ಮನೆಯವರ ಫೋನ್ ನಂಬರು, ಅದರ ಕೆಳಗೆ ಡಾಕ್ಟರು ಗೀಚಿದ ಒಂದು ಪದ: ಡಿಟೀರಿಯೊರೇಟಿಂಗ್. ಡಾಕ್ಟರುಗಳ ಅಕ್ಷರ ನಿಮಗೆ ಗೊತ್ತಲ್ಲ, ಮೊದಲೆರಡು ಅಕ್ಷರ ಆದ ಮೇಲೆ ಬರೀ ಅಲೆ. ಆದರೆ ಆ ಅಲೆಯ ಉದ್ದ ನೋಡಿಯೇ ಗುರುತು ಹಿಡಿಯಬಹುದಿತ್ತು.

"ಹಾಗಂದ್ರೇನು, ಸಾಯ್ತಾರೆ ಅಂತಾನಾ?" ಎಂದು ಕೇಳಿದೆ.

"ಅಲ್ಲ ಕಣಮ್ಮ. ನಾನೂ ಹಾಗೇ ಅನ್ಕೊಂಡಿದ್ದೆ. ಹಳೇ ಹೆಡ್ ನರ್ಸು ಬೈದು ಹೇಳಿಕೊಟ್ರು. ಕೆಟ್ಟಿದೆ ಅಂತಲ್ಲ, ಕೆಡ್ತಾ ಇದೆ ಅಂತ. ನಿನ್ನೆಗಿಂತ ಇವತ್ತು ಕಮ್ಮಿ, ಬೆಳಗ್ಗೆಗಿಂತ ಈಗ ಕಮ್ಮಿ. ಕಮ್ಮಿ ಆಗೋಕೆ ಏನಾದ್ರೂ ಉಳಿದಿರಬೇಕಲ್ಲ? ಉಳಿದಿರೋರಿಗೆ ಮಾತ್ರ ಈ ಮಾತು."

ಅವನ ಮೇಜಿನ ಡ್ರಾಯರಿನಲ್ಲಿ ಅಂಚು ಸವೆದ ಒಂದು ಜೇಬುನಿಘಂಟು ಇತ್ತು. ಹತ್ತನೇ ಕ್ಲಾಸಿಗೇ ಓದು ಬಿಟ್ಟವನು ಆ ಒಂದು ಪದಕ್ಕೆ ಸರಿಯಾದ ಕನ್ನಡ ಸಿಗಲಿಲ್ಲವೆಂದು ವರ್ಷಗಟ್ಟಲೆ ಒದ್ದಾಡಿದ್ದ. ಕ್ಷೀಣಿಸುತ್ತಿದೆ ಎಂದರೆ ಫೋನಿನ ಆ ಕಡೆಯವರಿಗೆ ಪಾಠದ ಪುಸ್ತಕ ಓದಿದ ಹಾಗೆ ಕೇಳಿಸುತ್ತದೆ. ಬಿಗಡಾಯಿಸಿದೆ ಎಂದರೆ ಯಾರದೋ ತಪ್ಪಿನಿಂದ ಆಯಿತು ಅನ್ನಿಸಿ ಜಗಳಕ್ಕೇ ಬರುತ್ತಾರೆ. ಕುಸಿದಿದೆ ಎಂದರೆ ಗೋಡೆಯ ನೆನಪು. ಏರುಪೇರಾಗಿದೆ ಎಂದರೆ ಮತ್ತೆ ಏರಬಹುದು ಎಂದುಕೊಂಡು, ಊಟ ಮುಗಿಸಿ ಆರಾಮವಾಗಿ ಬರುತ್ತಾರೆ. ಕೊನೆಗೆ ಅವನು 'ಹದಗೆಟ್ಟಿದೆ' ಎಂಬುದಕ್ಕೆ ಬಂದು ನಿಂತಿದ್ದ. ಹದ ಅನ್ನುವುದು ಒಂದು ಕಾಲಕ್ಕೆ ಇತ್ತು ಅಂತ ಅದರಲ್ಲೇ ಇದೆಯಲ್ಲ, ಅದಕ್ಕೇ ಇದು ಸರಿ ಎಂದು ವಿವರಿಸಿದ. ಫೋನ್ ಮಾಡುವವನಿಗೆ ಇಷ್ಟೆಲ್ಲ ಯಾಕೆ ಎಂದು ನಾನು ಒಳಗೊಳಗೇ ನಕ್ಕಿದ್ದೆ.

ಫೋನಿನ ಪಕ್ಕದಲ್ಲಿ, ಮೇಜಿನ ಗಾಜಿನ ಕೆಳಗೆ, ಅವನ ದುಂಡು ಅಕ್ಷರದ ಒಂದು ಚೀಟಿ ಇತ್ತು. ಅದರಲ್ಲಿ ಮೂರೇ ಸಾಲು. 'ಆಸ್ಪತ್ರೆಯಿಂದ ಮಾತಾಡುತ್ತಿದ್ದೇನೆ. ನಿಮ್ಮವರ ಸ್ಥಿತಿ ಹದಗೆಟ್ಟಿದೆ. ನಿಧಾನವಾಗಿ, ಹುಷಾರಾಗಿ ಬನ್ನಿ.' ಇದಕ್ಕಿಂತ ಒಂದಕ್ಷರ ಹೆಚ್ಚು ಮಾತಾಡಬಾರದು. ಎಷ್ಟು ಕೇಳಿದರೂ 'ಬನ್ನಿ, ಡಾಕ್ಟರು ಹೇಳ್ತಾರೆ' ಅಷ್ಟೇ.

ರೋಗಿ ಆಗಲೇ ತೀರಿಕೊಂಡಿದ್ದರೂ ಹೇಳಬೇಕಾದ್ದು ಇದೇ ಮೂರು ಸಾಲು. ಇದು ಅವನು ಹುಟ್ಟಿಸಿದ ಸುಳ್ಳಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹೆಂಗಸಿಗೆ 'ನಿಮ್ಮ ತಂದೆ ಹೋಗಿಬಿಟ್ರು' ಎಂದು ನೇರವಾಗಿ ಹೇಳಿದ್ದ. ಅವಳು ಮಹಡಿಯ ಮೆಟ್ಟಿಲ ತುದಿಯಲ್ಲಿ ನಿಂತು ಫೋನ್ ಎತ್ತಿದ್ದಳು. ಎರಡು ಗಂಟೆಯ ಮೇಲೆ ಸ್ಟ್ರೆಚರಿನಲ್ಲಿ ಅವಳೂ ಇಲ್ಲಿಗೇ ಬಂದಳು, ಸೊಂಟ ಮುರಿದಿತ್ತು. ಅವತ್ತು ಹೆಡ್ ನರ್ಸು ಹೇಳಿದರಂತೆ, "ಇನ್ಮೇಲೆ ಈ ಫೋನಲ್ಲಿ ಯಾರೂ ಸಾಯಬಾರದು. ಹದಗೆಟ್ಟಿದೆ ಅಂತ ಕರಿ. ಬಂದ ಮೇಲೆ ಕುರ್ಚಿ ಕೊಟ್ಟು ನಾನು ಹೇಳ್ತೀನಿ." ಆಸ್ಪತ್ರೆಯ ಪದ್ಧತಿ ಶುರುವಾದದ್ದು ಹೀಗೆ, ಒಂದು ಒಳ್ಳೆಯ ಮನಸ್ಸಿನಿಂದ. ಚೀಟಿ ಕೆಳಗೆ ಬರುವಷ್ಟರಲ್ಲಿ ಹತ್ತರಲ್ಲಿ ಎಂಟು ಜನ ಹೋಗಿಯೇ ಇರುತ್ತಿದ್ದರು. ಉಳಿದಿರುವವರಿಗೆ ಮಾತ್ರ ಎಂದು ಕಲಿತ ಪದವನ್ನು ಅವನು ಇಪ್ಪತ್ತೊಂಬತ್ತು ವರ್ಷ ಹೆಚ್ಚಾಗಿ ಇಲ್ಲದವರಿಗೇ ಬಳಸಿದ.

ಅತ್ತಿಗೆ ಅವನಿಗೆ ಸಿಕ್ಕಿದ್ದೂ ಈ ಸುಳ್ಳಿನಿಂದಲೇ. ಅವಳ ತಾಯಿ ನಮ್ಮ ಆಸ್ಪತ್ರೆಯಲ್ಲಿದ್ದರು. ಫೋನಣ್ಣ ಎಂದಿನಂತೆ ಮೂರು ಸಾಲು ಓದಿದ. ಅವಳು ಶರ್ಟುಗಳಿಗೆ ಕಾಜಾ ಹೊಲಿಯುವ ಅಂಗಡಿಯಿಂದ ಬರಿಗಾಲಲ್ಲಿ ಮೂರು ಕಿಲೋಮೀಟರ್ ಓಡಿ ಬಂದಳು. ಬಂದರೆ, ತಾಯಿ ಹೋಗಿ ಒಂದೂವರೆ ಗಂಟೆಯಾಗಿತ್ತು. ಕುರ್ಚಿ ಕೊಟ್ಟರು, ನೀರು ಕೊಟ್ಟರು. ಅವಳು ಎರಡನ್ನೂ ಬಿಟ್ಟು ನೇರ ಈ ಮೇಜಿಗೆ ಬಂದು, ರಕ್ತ ಬರುತ್ತಿದ್ದ ಪಾದವನ್ನು ತೋರಿಸಿ, "ಸತ್ತೋರಿಗೋಸ್ಕರ ನನ್ನ ಯಾಕೆ ಓಡಿಸಿದ್ರಿ?" ಎಂದು ಕೇಳಿದಳಂತೆ. ಫೋನಣ್ಣ ಡ್ರೆಸ್ಸಿಂಗ್ ರೂಮಿನಿಂದ ಬ್ಯಾಂಡೇಜು ತಂದು ಸುತ್ತಿದ. ಒಂದು ವರ್ಷದ ಮೇಲೆ ಇಬ್ಬರೂ ಮದುವೆಯಾದರು. ಬ್ಯಾಂಡೇಜು ಸುತ್ತಿಸಿಕೊಂಡ ತಪ್ಪಿಗೆ ಸೆರೆ ಸಿಕ್ಕಿಬಿಟ್ಟೆ ಎಂದು ಅವಳು ತಮಾಷೆ ಮಾಡುತ್ತಿದ್ದಳು.

ಮದುವೆಗೆ ಅವಳು ಹಾಕಿದ್ದು ಒಂದೇ ಷರತ್ತು. ನನಗೆ ಇದನ್ನು ಅವಳೇ ಹೇಳಿದ್ದು. "ನಾನು ಹೋಗೋವಾಗ ನೀನು ಫೋನಿನ ಹತ್ರ ಇರಬಾರದು, ನನ್ನ ಪಕ್ಕದಲ್ಲಿರಬೇಕು. ಓಡಿ ಬರೋದೂ ಬೇಡ. ಮೊದಲೇ ಅಲ್ಲಿರು." ಅವನು ಆಯಿತು ಎಂದಿದ್ದ. ಕೊಟ್ಟ ಮಾತು ಅಷ್ಟೇ, ಆದರೆ ಅವನ ಇಡೀ ಜೀವಮಾನದಲ್ಲಿ ಅವನು ಕೊಟ್ಟ ಮಾತೂ ಅದೊಂದೇ ಇರಬೇಕು.

ಆ ಇಂಗ್ಲಿಷ್ ಪದವನ್ನು ಅತ್ತಿಗೆ ಮನೆಗೆ ತಂದುಕೊಂಡು ಸಾಕಿದಳು. ನಲ್ಲಿ ಸೋರಿದರೆ ನಲ್ಲಿ ಡಿಟೀರಿಯೊರೇಟಿಂಗ್. ಅವನ ತಲೆಗೂದಲು ಡಿಟೀರಿಯೊರೇಟಿಂಗ್. ಅವನು ಮಾಡಿದ ಸಾರಂತೂ ಹುಟ್ಟುವಾಗಲೇ ಡಿಟೀರಿಯೊರೇಟಿಂಗ್. "ತಪ್ಪು ಕಣೇ, ಮೊದಲು ಚೆನ್ನಾಗಿದ್ರೆ ಮಾತ್ರ ಹಾಗನ್ನಬೇಕು" ಎಂದು ಅವನು ತಿದ್ದಿದರೆ, "ಹಾಗಾದ್ರೆ ಸಾರಿಗೆ ಬೇಡ, ನಿನಗೆ ಇಟ್ಕೋ" ಎನ್ನುತ್ತಿದ್ದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯ ಮನೆ ಅವರದು. ಕಿಟಕಿಯ ಹತ್ತಿರ ಅವಳ ಹೊಲಿಗೆ ಮೆಷಿನ್ನು, ಗೋಡೆಗೆ ಅಂಟಿಕೊಂಡು ಇಸ್ತ್ರಿಯ ಮೇಜು. ಬಟ್ಟೆ ಹೊಲಿಯುವುದು ಅವಳು, ಇಸ್ತ್ರಿ ಮಾಡುವುದು ಅವನು. ಮಕ್ಕಳಿರಲಿಲ್ಲ. ಇಬ್ಬರೇ ಇದ್ದು ಇದ್ದು, ಒಬ್ಬರ ಮಾತನ್ನು ಇನ್ನೊಬ್ಬರು ಮುಗಿಸುವಷ್ಟು ಸವೆದು ಹೊಂದಿಕೊಂಡಿದ್ದರು.

ಅವಳ ಹೃದಯ ಸೋತಿದ್ದು ಅವಳ ಐವತ್ನಾಲ್ಕನೇ ವರ್ಷದಲ್ಲಿ. ಶ್ವಾಸಕೋಶಕ್ಕೆ ನೀರು ತುಂಬಿತು. ಎರಡನೇ ಮಹಡಿಯ ವಾರ್ಡಿನಲ್ಲಿ ಹತ್ತೊಂಬತ್ತು ದಿನ ಇದ್ದಳು. ಮೊದಮೊದಲು ಫೋನಣ್ಣ ಕೆಲಸದ ನಡುವೆ ಮೇಲೆ ಹೋಗಿ ಬರುತ್ತಿದ್ದ. ಕೊನೆಯ ಮೂರು ದಿನ ರಜೆ ಹಾಕಿ ಅವಳ ಪಕ್ಕದ ಸ್ಟೂಲು ಬಿಟ್ಟು ಏಳಲಿಲ್ಲ. ಮೂರು ದಿನ ಅದೇ ಅಂಗಿ.

ನಾಲ್ಕನೇ ಬೆಳಗ್ಗೆ ಅವಳು ಎದ್ದು ಕೂತು ಎರಡು ಚಮಚ ಗಂಜಿ ಕುಡಿದಳು. ನಾನು ಡ್ಯೂಟಿಗೆ ಬರುತ್ತಾ ಇಣುಕಿದಾಗ ಅವನಿಗೆ ಬೈಯುತ್ತಿದ್ದಳು. "ನಿನ್ನ ಅಂಗಿ ಡಿಟೀರಿಯೊರೇಟಿಂಗ್. ನನ್ನ ಉಸಿರು ಕಟ್ತಿರೋದು ಕಾಯಿಲೆಯಿಂದ ಅಲ್ಲ, ನಿನ್ನ ವಾಸನೆಯಿಂದ. ಹೋಗಿ ಸ್ನಾನ ಮಾಡ್ಕೊಂಡು ಬಾ."

ಅವನು ನರ್ಸಿನ ಮುಖ ನೋಡಿದ. "ಹೋಗಿ ಬನ್ನಿ, ಇವತ್ತು ಪರವಾಗಿಲ್ಲ" ಎಂದಳು ನರ್ಸು. ಕೆಳಗಿಳಿದು ನನ್ನ ಮೇಜಿನ ಹತ್ತಿರ ನಿಂತು, "ಹನ್ನೊಂದಕ್ಕೆ ಬಂದ್ಬಿಡ್ತೀನಿ. ಸ್ವಲ್ಪ ನೋಡ್ಕೊ" ಎಂದ. ಬಸ್ಸಿನಲ್ಲಿ ಅವನ ಮನೆ ಹನ್ನೆರಡು ನಿಮಿಷದ ದಾರಿ. ನಾನು ಹೂಂ ಎಂದೆ.

ಹತ್ತೂ ಇಪ್ಪತ್ತಕ್ಕೆ ಗುಲಾಬಿ ಚೀಟಿ ಬಂತು. ಹಾಸಿಗೆ ನಂಬರು ಅತ್ತಿಗೆಯದು. ಕೆಳಗೆ ಅದೇ ಅಲೆ. ತಂದುಕೊಟ್ಟ ಆಯಾಳನ್ನು "ಇದ್ದಾರಾ?" ಎಂದು ಕೇಳಿದೆ. "ಇದ್ದಾರೆ, ಮಾಸ್ಕ್ ಹಾಕಿದಾರೆ, ಗಂಡ ಎಲ್ಲಿ ಅಂತ ಕೇಳ್ತಿದಾರೆ" ಎಂದಳು.

ಫೋನ್ ಎತ್ತಿದೆ. ಅವನ ದನಿ ಕೇಳಿದ್ದೇ ಏನು ಹೇಳಬೇಕೆಂದು ನನಗೆ ತೋಚಲಿಲ್ಲ. ಮನುಷ್ಯನಿಗೆ ಮಾತು ಹೊರಡದಿದ್ದಾಗ ಎದುರಿಗೆ ಬರೆದಿಟ್ಟದ್ದನ್ನು ಓದಿಬಿಡುತ್ತಾನೆ. ಗಾಜಿನ ಕೆಳಗಿದ್ದದ್ದನ್ನು ನಾನು ಓದಿದೆ.

"ಅಣ್ಣ, ಆಸ್ಪತ್ರೆಯಿಂದ ಮಾತಾಡ್ತಿದೀನಿ. ಅತ್ತಿಗೆ ಸ್ಥಿತಿ ಹದಗೆಟ್ಟಿದೆ. ನಿಧಾನವಾಗಿ, ಹುಷಾರಾಗಿ ಬಾ."

ಅವನು ಬಹಳ ಶಾಂತವಾಗಿ, "ಗೊತ್ತಾಯ್ತು ಕಣಮ್ಮ" ಎಂದು ಹೇಳಿ ಇಟ್ಟ. ಎಷ್ಟು ಗಟ್ಟಿ ಮನುಷ್ಯ ಎಂದುಕೊಂಡೆ. ಅವನಿಗೆ ಏನು ಗೊತ್ತಾಯಿತು ಎಂದು ನನಗೆ ಹೊಳೆಯಲಿಲ್ಲ. ಇವತ್ತಿಗೂ ಅದಕ್ಕೆ ನನ್ನ ತಲೆ ನಾನೇ ಚಚ್ಚಿಕೊಳ್ಳುತ್ತೇನೆ.

ಹನ್ನೊಂದಾಯಿತು, ಹನ್ನೊಂದೂವರೆಯಾಯಿತು, ಅವನಿಲ್ಲ. ಬಸ್ಸು ಸಿಗಲಿಲ್ಲವೇನೋ ಎಂದು ಬಾಗಿಲ ಕಡೆ ನೋಡುತ್ತಿದ್ದೆ. ಹನ್ನೊಂದೂ ನಲವತ್ತಕ್ಕೆ ಫೋನ್ ಬಂತು. ಬೇರೆ ಊರಿನಿಂದ ಅತ್ತಿಗೆಯ ತಂಗಿ. ಅಳುತ್ತಾ ಕೇಳಿದಳು, "ಅಕ್ಕನ್ನ ಎಷ್ಟೊತ್ತಿಗೆ ಕೊಡ್ತೀರಿ? ನಾನು ಬರೋಕೆ ಐದು ಗಂಟೆ ಆಗುತ್ತೆ."

"ಕೊಡೋದಾ? ಏನು ಕೊಡೋದು?"

"ಭಾವ ಫೋನ್ ಮಾಡಿದ್ರು. ಹತ್ತು ಗಂಟೆಗೇ ಹೋಗ್ಬಿಟ್ಟಳು ಅಂದ್ರು."

ಅವಳಿಗೆ ಏನು ಹೇಳಿದೆನೋ ನೆನಪಿಲ್ಲ. ಬದುಕಿದ್ದಾಳೆ, ಹೊರಟು ಬನ್ನಿ ಎಂದಿರಬೇಕು. ತಕ್ಷಣ ಫೋನಣ್ಣನ ನಂಬರು ಒತ್ತಿದೆ. ಬ್ಯುಸಿ. ಮತ್ತೆ ಒತ್ತಿದೆ, ಬ್ಯುಸಿ. ನೆಂಟರಿಗೆಲ್ಲ ಒಬ್ಬೊಬ್ಬರಿಗೇ ಸುದ್ದಿ ಮುಟ್ಟಿಸುತ್ತಿದ್ದ. ಐದು ನಿಮಿಷದ ಮೇಲೆ ರಿಂಗ್ ಆಯಿತು, ಆಗುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಆಂಬುಲೆನ್ಸ್ ಡ್ರೈವರಿನ ಕೈಕಾಲು ಹಿಡಿದು ಅವನ ಮನೆಗೆ ಓಡಿಸಿದೆ. ಬಾಗಿಲಿಗೆ ಬೀಗ, ಒಳಗೆ ಫೋನು ಬಡಿದುಕೊಳ್ಳುತ್ತಿದೆ ಎಂದು ಡ್ರೈವರು ತಿಳಿಸಿದ.

ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಮೇಜಿನ ಎರಡೂ ಕುರ್ಚಿ ಒಟ್ಟಿಗೆ ಖಾಲಿಯಾದದ್ದು ಅವತ್ತೇ. ಕೆಲಸ ಹಾಳಾಗಿ ಹೋಗಲಿ ಎಂದು ರಿಸೀವರನ್ನು ಪಕ್ಕಕ್ಕಿಟ್ಟು ಮೆಟ್ಟಿಲು ಹತ್ತಿದೆ. ಅವಳ ಪಕ್ಕ ಯಾರಾದರೂ ಇರಬೇಕಲ್ಲ. ಅವಳಿಗೆ ಒಂಟಿಯಾಗಿ ಹೋಗುವ ಭಯ ಎಷ್ಟಿತ್ತೆಂದು ನನಗೆ ಗೊತ್ತಿತ್ತು.

ಅತ್ತಿಗೆಯ ಕಣ್ಣು ಬಾಗಿಲ ಮೇಲೇ ಇತ್ತು. ನಾನು ಸ್ಟೂಲಿನಲ್ಲಿ ಕೂತಾಗ ಒಂದು ಕ್ಷಣ ಮುಖ ಅರಳಿ ಮತ್ತೆ ಮುದುಡಿತು. ಮಾಸ್ಕನ್ನು ಸರಿಸಿ, "ಎಲ್ಲಿ?" ಎಂದಳು.

"ಬರ್ತಿದಾನೆ ಅತ್ತಿಗೆ. ದಾರೀಲಿದಾನೆ."

"ಸುಳ್ಳು ಹೇಳಬೇಡ. ನಮ್ಮನೇಲೇ ಅದರ ಕಾರ್ಖಾನೆ ಇದೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಸತ್ಯ ಅತ್ತಿಗೆ, ಮನೆ ಬಿಟ್ಟಾಗಿದೆ" ಎಂದೆ. ಅದು ಸತ್ಯವೇ ಆಗಿತ್ತು. ಅವಳು ನನ್ನ ಕೈ ಹಿಡಿದುಕೊಂಡಳು. ಬೆರಳ ತುದಿಗಳಲ್ಲಿ ಸೂಜಿ ಚುಚ್ಚಿ ಚುಚ್ಚಿ ಒರಟಾದ ಚರ್ಮ. ಉಸಿರಿನ ನಡುವಿನ ಬಿಡುವು ಉದ್ದವಾಗುತ್ತಾ ಹೋಯಿತು. ಆ ಪದವನ್ನು ಸಾವಿರ ಸಲ ಫೋನಿನಲ್ಲಿ ಹೇಳಿದವನ ಜೊತೆ ಕೂತು ಕೆಲಸ ಮಾಡಿದ್ದೆ, ಅದು ನಡೆಯುವುದನ್ನು ಕೂತು ನೋಡಿದ್ದು ಅದೇ ಮೊದಲು. ನಿಮಿಷಕ್ಕಿಂತ ನಿಮಿಷ ಕಮ್ಮಿ. ಆದರೂ ಪ್ರತಿ ಸಲ ವಾರ್ಡಿನ ಬಾಗಿಲು ಕಿರ್ರೆಂದಾಗ ಅವಳ ಕಣ್ಣು ಆ ಕಡೆ ಹೊರಳುತ್ತಿತ್ತು. ಊಟದ ಗಾಡಿ ಬಂತು. ಪಕ್ಕದ ಹಾಸಿಗೆಯವರ ಮಗಳು ಬಂದಳು. ನೆಲ ಒರೆಸುವವಳು ಬಂದಳು. ಹನ್ನೆರಡೂ ಮುಕ್ಕಾಲಿನ ತನಕ ಅವಳ ಕಣ್ಣು ತಪ್ಪಲಿಲ್ಲ. ಹನ್ನೆರಡೂ ಐವತ್ತಕ್ಕೆ ಬಾಗಿಲು ತೆರೆದಾಗ ಹೊರಳಲಿಲ್ಲ.

ಡಾಕ್ಟರು ಬಂದು ನೋಡಿ, ಗಡಿಯಾರ ನೋಡಿ, ಬರೆದರು. ವಾರ್ಡು ತುಂಬಿತ್ತು, ಹೊರಗೆ ಸ್ಟ್ರೆಚರಿನಲ್ಲಿ ಯಾರೋ ಹಾಸಿಗೆಗೆ ಕಾಯುತ್ತಿದ್ದರು. ನಮ್ಮವಳೆಂದು ಒಂದೈದು ನಿಮಿಷ ಹೆಚ್ಚು ಬಿಟ್ಟರು. ಆಮೇಲೆ ಬಿಳಿ ಬಟ್ಟೆ ಹೊದಿಸಿ ಟ್ರಾಲಿಗೆ ತೆಗೆದುಕೊಂಡರು. ನಾನೂ ಜೊತೆಗೆ ಲಿಫ್ಟಿನಲ್ಲಿ ಇಳಿದೆ.

ಶವಾಗಾರ ಹಿಂಭಾಗದಲ್ಲಿದೆ. ಅಲ್ಲಿಗೆ ಹೋಗುವ ಉದ್ದನೆಯ ಓಣಿಯ ಕೊನೆಯಲ್ಲಿ ಒಂದು ಮರದ ಬೆಂಚು. ಅಲ್ಲಿ ಫೋನಣ್ಣ ಕೂತಿದ್ದ.

ಸ್ನಾನ ಮಾಡಿ, ತಲೆ ಬಾಚಿ, ಒಗೆದ ಅಂಗಿ ತೊಟ್ಟಿದ್ದ. ತೊಡೆಯ ಮೇಲೆ ಅವಳ ನೀಲಿ ಬಟ್ಟೆ, ಇಸ್ತ್ರಿ ಮಾಡಿ, ಮಡಿಕೆ ಮುರಿಯದ ಹಾಗೆ ಕಾಗದದಲ್ಲಿ ಸುತ್ತಿದ್ದು. ಪಕ್ಕದಲ್ಲಿ ಗುರುತಿನ ಪತ್ರಗಳ ಜೆರಾಕ್ಸು, ಎರಡೆರಡು ಪ್ರತಿ. ಮನೆಯವರು ಏನೂ ತರದೆ ಓಡಿ ಬಂದು ಕೌಂಟರಿನಿಂದ ಕೌಂಟರಿಗೆ ಅಲೆಯುವುದನ್ನು ಅವನು ಜೀವಮಾನವಿಡೀ ನೋಡಿದ್ದ. ತನ್ನವಳ ವಿಷಯದಲ್ಲಿ ಹಾಗಾಗಬಾರದೆಂದು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿಕೊಂಡು, ಅವಸರವಿಲ್ಲದೆ ನಡೆದುಕೊಂಡೇ ಬಂದಿದ್ದ.

"ಅಣ್ಣ, ಯಾವಾಗ ಬಂದೆ?" ಎಂದೆ.

"ಹನ್ನೆರಡೂ ಕಾಲಿಗೇ ಬಂದೆ ಕಣಮ್ಮ. ಮುಂದೆ ಬಂದು ನೋಡಿದೆ, ನಿನ್ನ ಕುರ್ಚಿ ಖಾಲಿ ಇತ್ತು. ಕಾಗದಪತ್ರ ಮಾಡಿಸೋಕೆ ಹೋಗಿರ್ತೀಯ ಅನ್ಕೊಂಡು ಇಲ್ಲಿಗೆ ಬಂದು ಕೂತೆ. ಆಗಲೇ ಇಳಿಸಿರ್ತಾರೆ ಅನ್ಕೊಂಡಿದ್ದೆ." ಟ್ರಾಲಿ ನೋಡಿ ಎದ್ದು ನಿಂತ. "ಇವತ್ತು ಯಾಕೆ ಇಷ್ಟು ತಡ ಮಾಡಿದ್ರು?"

ಮೂವತ್ತೈದು ನಿಮಿಷ. ಅವಳು ಮೇಲೆ ಬಾಗಿಲು ನೋಡುತ್ತಿದ್ದ ಮೂವತ್ತೈದು ನಿಮಿಷ, ಎರಡು ಮಹಡಿ ಕೆಳಗೆ ಅವನು ಈ ಬೆಂಚಿನ ಮೇಲೆ ಇನ್ನೊಂದು ಬಾಗಿಲು ನೋಡುತ್ತಾ ಕೂತಿದ್ದ. ನಾನು ಮೇಜು ಬಿಟ್ಟು ಏಳದೆ ಇದ್ದಿದ್ದರೆ ಅವನು ನನಗೆ ಸಿಗುತ್ತಿದ್ದ. ನನ್ನ ಒಳ್ಳೆಯತನಕ್ಕೆ ಬೆಂಕಿ ಬೀಳಲಿ.

ನಾನು ಬಾಯಿ ತೆರೆಯುವ ಮೊದಲೇ ಅವನು ಬಟ್ಟೆಯ ಕೆಳಗೆ ಕೈ ಹಾಕಿ ಅವಳ ಪಾದ ಹಿಡಿದ. ಹಿಂದೆ ಬ್ಯಾಂಡೇಜು ಸುತ್ತಿದ್ದನಲ್ಲ, ಅದೇ ಪಾದ. ಹಿಡಿದವನು ಹಾಗೆಯೇ ನಿಂತುಬಿಟ್ಟ. ಇನ್ನೊಂದು ಕೈಯಲ್ಲಿ ಅವಳ ಮೊಣಕಾಲು ಮುಟ್ಟಿದ, ಕೈ ಮುಟ್ಟಿದ, ಬಟ್ಟೆ ಸರಿಸಿ ಕೆನ್ನೆ ಮುಟ್ಟಿದ. ಹೋದವರ ಮೈ ಎಷ್ಟು ಹೊತ್ತಿಗೆ ಎಷ್ಟು ತಣ್ಣಗಾಗುತ್ತದೆಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

"ಬೆಚ್ಚಗಿದಾಳೆ" ಎಂದ.

ಟ್ರಾಲಿಯವನು ಮುಖ ತಿರುಗಿಸಿಕೊಂಡ. ನಾನು ಸುಳ್ಳು ಹೇಳಬಹುದಿತ್ತು. ಆ ಮೇಜಿನಲ್ಲಿ ಒಂಬತ್ತು ತಿಂಗಳು ಹೇಳಿ ಅಭ್ಯಾಸವಾಗಿತ್ತು. ಕುರ್ಚಿ ಕೊಡೋಣವೆಂದರೆ ಅಲ್ಲಿ ಬೆಂಚೊಂದೇ ಇತ್ತು, ಅದರ ಮೇಲೆ ಅವನ ಜೆರಾಕ್ಸುಗಳು. ನಿಂತವನಿಗೆ ನಿಂತಲ್ಲೇ ಹೇಳಿದೆ.

"ಹನ್ನೆರಡೂ ಐವತ್ತಕ್ಕೆ, ಅಣ್ಣ. ನಾನು ಫೋನ್ ಮಾಡಿದಾಗ ಇದ್ದರು. ನಿನ್ನೇ ಕೇಳ್ತಿದ್ದರು."

ಓಣಿಯ ಗಡಿಯಾರದಲ್ಲಿ ಒಂದೂ ಹತ್ತಾಗಿತ್ತು. ಅವನು ಅದನ್ನು ನೋಡಿದ, ನನ್ನನ್ನು ನೋಡಿದ. ಬೈದಿದ್ದರೆ, ಕೆನ್ನೆಗೆ ಹೊಡೆದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವನು ತೀರಾ ಮೆತ್ತಗೆ, ನಿಜವಾಗಿಯೂ ತಿಳಿದುಕೊಳ್ಳಬೇಕೆಂದು ಕೇಳುವ ಹಾಗೆ ಕೇಳಿದ.

"ಮತ್ತೆ ನಿಧಾನವಾಗಿ ಬಾ ಅಂದ್ಯಲ್ಲ?"

"ನೀನು ಬರೆದಿಟ್ಟ ಚೀಟೀಲಿ ಹಾಗೇ ಇತ್ತು, ಅಣ್ಣ" ಎಂದೆ.